ರೋಸ್ಮರಿ ಕಟ್ಟಿಸಿಕೊಂಡ ಡ್ರೋನು

ಸೆರ್ಬಿಯಾದ ಇವಾನಿತ್ಸಾ ಕಡೆ ಮದುವೆ ಎಂದರೆ ಪಾದ್ರಿ ಬೇಕು, ತುತ್ತೂರಿಯವರು ಬೇಕು, ವಿಡಿಯೊದ ರಾದೊಯ್ಕೊ ಬೇಕು. ಪಾದ್ರಿಯೂ ತುತ್ತೂರಿಯವರೂ ಕೆಲಸ ಮುಗಿಸಿ ಊಟಕ್ಕೆ ಕೂರುತ್ತಾರೆ. ರಾದೊಯ್ಕೊ ಹಾಗೆ ಬಿಡುವ ಆಸಾಮಿಯಲ್ಲ. ಡ್ರೋನು ಇಳಿಸಿದ ಮೇಲೆ, ಕೈಗೆ ಸಿಕ್ಕವರನ್ನು ನಿಲ್ಲಿಸಿಕೊಂಡು ಅದರ ಸೆನ್ಸರ್ ಪುರಾಣ ಶುರುಮಾಡುತ್ತಾನೆ.

"ಆರು ದಿಕ್ಕಿಗೂ ಕಣ್ಣಿದೆ ಮಾರಾಯ ಇದಕ್ಕೆ. ಅಡ್ಡ ಏನಾದ್ರೂ ಬಂದ್ರೆ ತಾನೇ ನಿಲ್ಲುತ್ತೆ. ಆದ್ರೆ ಸಣ್ಣ ರೆಂಬೆ, ತಂತಿ, ಗಾಜು ಕಾಣಲ್ಲ. ಕಣ್ಣು ಒರೆಸ್ತಾ ಇರ್ಬೇಕು. ಏನೇ ಆಗ್ಲಿ, ಸೆನ್ಸರ್ ಆಫ್ ಮಾಡ್ಬಾರ್ದು. ಮಾಡೋನು ಕತ್ತೆ."

ಡ್ರೋನಿನ ಕಣ್ಣುಗಳನ್ನು ಅವನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದ. ತನ್ನ ಕನ್ನಡಕಕ್ಕೆ ಅಂಗಿಯ ತುದಿಯೇ ಗತಿ.

ಮಗಳು ದೂನ್ಯಾಳ ಮದುವೆ ಗೊತ್ತಾದಾಗ ಅವಳು ಅಪ್ಪನನ್ನು ಕೇಳಿಕೊಂಡದ್ದು ಒಂದೇ.

"ಅಪ್ಪಾ, ಅವತ್ತೊಂದಿನ ಅದನ್ನ ಹಾರಿಸ್ಬೇಡ. ಮನೆ ಬಾಗಿಲಿಂದ ಗೇಟ್‌ವರೆಗೂ ನನ್ನ ಕೈ ಹಿಡ್ಕೊಂಡು ನಡಿ, ಸಾಕು. ವಿಡಿಯೊಗೆ ಬೇರೆಯವರನ್ನ ಕರೆಯೋಣ."

"ಬೇರೆಯವರಾ? ಸೆನ್ಸರ್ ಒರೆಸೋಕೂ ಬರದವ್ರಾ? ನೋಡಮ್ಮ, ಮದುಮಗ ಶಾಸ್ತ್ರಕ್ಕೆ ಸೇಬಿಗೆ ಗುಂಡು ಹೊಡೆಯೋದೊಂದು ಹಿಡಿದು ಇಳಿಸಿಬಿಡ್ತೀನಿ. ಎರಡು ನಿಮಿಷ. ಆಮೇಲೆ ನಾನು ನಿನ್ನವನೇ."

ಮಹರಾಯನ ಎರಡು ನಿಮಿಷದ ಅಳತೆ ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ದೂನ್ಯಾ ನಂಬಿದಳು.

ಮದುವೆಯ ದಿನ ಬೆಳಿಗ್ಗೆ ರಾದೊಯ್ಕೊನ ಅಕ್ಕ ಸ್ತಾಮೆಂಕಾ, ಶುಭಕ್ಕೆಂದು ನೆಂಟರ ಅಂಗಿಗೆ ಸಿಕ್ಕಿಸುವ ರೋಸ್ಮರಿ ಕಡ್ಡಿಗಳ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಳು. ಅವಳ ಕೈಯಿಂದ ಒಂದು ಕಡ್ಡಿ ಚುಚ್ಚಿಸಿಕೊಳ್ಳದೆ ಯಾವ ನೆಂಟನಿಗೂ ಪ್ರವೇಶವಿಲ್ಲ. ನೆಂಟರಾಯಿತು, ಕಾರುಗಳಾಯಿತು, ನಾಯಿಯ ಕೊರಳಪಟ್ಟಿಯೂ ಆಯಿತು. ಕೊನೆಗೆ ಡ್ರೋನಿನ ಹಣೆಗೇ ಕೆಂಪು ರಿಬ್ಬನ್ನಿನಲ್ಲಿ ಬಿಗಿದಳು.

"ಅಕ್ಕಾ, ಅಲ್ಲಿ ಬೇಡ ಕಣೇ. ಅದು ಅದರ ಕಣ್ಣು."

"ಇದೂ ಮದುವೆಗೆ ಬಂದಿರೋದೇ ತಾನೇ? ಕಟ್ಟಿದ್ದನ್ನ ಬಿಚ್ಚಿದ್ರೆ ಮದುಮಗಳಿಗೆ ಒಳ್ಳೇದಲ್ಲ. ಬಿಚ್ಚು, ನೋಡೋಣ."

ಅವನು ಬಿಚ್ಚಲಿಲ್ಲ. ಡ್ರೋನು ಮೇಲೇರಿತು, ಮೂಗಿನ ಮುಂದಿನ ರೋಸ್ಮರಿಯನ್ನು ಗೋಡೆಯೆಂದು ತಿಳಿದು ಅಲ್ಲೇ ನಿಂತಿತು. ಎಷ್ಟು ದೂಡಿದರೂ ಮುಂದೆ ಹೋಗದು. ಸುಮ್ಮನೆ ಕಿರುಗುಟ್ಟುತ್ತಿತ್ತು.

"ಏನೋ ರಾದೊಯ್ಕೊ, ನಿನ್ನ ಯಂತ್ರಕ್ಕೂ ನಾಚಿಕೆನಾ?" ಎಂದ ತುತ್ತೂರಿಯವನೊಬ್ಬ. ಅಂಗಳವೆಲ್ಲ ನಕ್ಕಿತು.

ಇಳಿಸಿ ಕಡ್ಡಿ ಬಿಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಹನ್ನೊಂದು ವರ್ಷ ಊರಿಗೆಲ್ಲ ಪಾಠ ಹೇಳಿದ ಪಂಡಿತರು ಸದ್ದಿಲ್ಲದೆ ಸೆನ್ಸರ್ ಆಫ್ ಮಾಡಿದರು.

ಚಾವಣಿಯ ಮೇಲೆ ನೆಟ್ಟ ಕಂಬದ ತುದಿಯ ಸೇಬನ್ನು ಗುಂಡಿಟ್ಟು ಉದುರಿಸದೆ ಮದುಮಗಳನ್ನು ಕರೆದೊಯ್ಯುವಂತಿಲ್ಲ. ಮದುಮಗನ ನಾಲ್ಕನೆಯ ಗುಂಡಿಗೆ ಅದು ಉದುರಿತು. ಚಿತ್ರ ಅಮೋಘವಾಗಿ ಸಿಕ್ಕಿತು. ಅಷ್ಟಕ್ಕೆ ಇಳಿಸಬಾರದೇ? ಇಡೀ ಅಂಗಳವನ್ನು ಹಿಡಿಯಬೇಕೆಂಬ ಚಪಲಕ್ಕೆ ಡ್ರೋನನ್ನು ಹಿಂದಕ್ಕೆಳೆದ. ಹಿಂದಿನ ಕಣ್ಣುಗಳೂ ಆಫ್ ಆಗಿದ್ದವು. ಅದು ಹೋಗಿ ಆಕ್ರೋಟದ ಮರದ ತುದಿಯಲ್ಲಿ ಸಿಕ್ಕಿಕೊಂಡಿತು.

ರಾದೊಯ್ಕೊ ಪಕ್ಕದ ಮನೆಯ ಏಣಿ ತಂದ, ಕೋಲು ತಂದ. ಕೊನೆಗೆ ಡ್ರೋನನ್ನು ಎದೆಗವಚಿಕೊಂಡು ಇಳಿದಾಗ ಅಂಗಳದಲ್ಲಿ ನಾಯಿ ಮಾತ್ರ ಇತ್ತು. ದಿಬ್ಬಣ ಚರ್ಚಿಗೆ ಹೊರಟಾಗಿತ್ತು.

ಎರಡು ದಿನದ ಮೇಲೆ ಅವನೂ ಹೆಂಡತಿ ಗೋರಿತ್ಸಾಳೂ ವಿಡಿಯೊ ನೋಡಲು ಕೂತರು. ಮರಕ್ಕೆ ಸಿಕ್ಕಿಕೊಂಡ ಮೇಲೂ ಕ್ಯಾಮೆರಾ ಚಿತ್ರ ಹಿಡಿಯುತ್ತಲೇ ಇತ್ತು. ಸದ್ದಿಲ್ಲದ ಚಿತ್ರದಲ್ಲಿ ದೂನ್ಯಾ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಳು. ಕೆಳಗೆ ಏಣಿಯ ಮೇಲೆ ಅವಳಿಗೆ ಬೆನ್ನು ಹಾಕಿ ಅಪ್ಪ. ಅವಳ ಬಾಯಿ ತೆರೆಯಿತು. ಅಪ್ಪ ತಿರುಗಲೂ ಇಲ್ಲ, ಇರು ಎಂಬಂತೆ ಹಿಂದಕ್ಕೆ ಕೈ ಬೀಸಿದ. ಅವಳು ಇದ್ದಳು. ಬಹಳ ಹೊತ್ತು ಇದ್ದಳು. ಕೊನೆಗೆ ಸೋದರಮಾವ ಬಂದು ಆ ಕೈ ಹಿಡಿದುಕೊಂಡು ಗೇಟಿನತ್ತ ನಡೆದ.

"ಅವಳು ಕರೆದಿದ್ದು ನಿಂಗೆ ಕೇಳಿಸ್ಲಿಲ್ವಾ?" ಎಂದಳು ಗೋರಿತ್ಸಾ.

"ಕೇಳಿಸ್ತು," ಎಂದ ರಾದೊಯ್ಕೊ. "ಯಾರೋ ಏಣಿ ವಾಪಸ್ ಕೇಳ್ತಿದಾರೆ ಅಂದ್ಕೊಂಡೆ."