ನಿಲ್ಲಿಸುವ ಪುಟ

ಹೊಸ ಗ್ರೈಂಡರಿನ ಪೆಟ್ಟಿಗೆ ಬಿಚ್ಚಿದ ಮಗಳು ಒಳಗಿದ್ದ ಕೈಪಿಡಿಯನ್ನು ಥರ್ಮೋಕೋಲಿನ ಜೊತೆಗೇ ಕಸದ ಬುಟ್ಟಿಗೆ ಹಾಕಿದಳು. "ಇದನ್ನ ಯಾರಮ್ಮ ಓದ್ತಾರೆ? ವಿಡಿಯೋ ಇದೆ." ನಾನು ಮೆಲ್ಲಗೆ ಎತ್ತಿಕೊಂಡೆ. ನೀವೂ ಓದದೆ ಎಸೆದವರೇ ಇರಬಹುದು, ಬೇಸರವಿಲ್ಲ. ಆದರೆ ಇಂಥವನ್ನು ಬರೆದೇ ನಾನು ಹೊಟ್ಟೆ ಹೊರೆದವಳು.

ತೊಂಬತ್ತರ ದಶಕದ ಕೊನೆಗೆ ಧಾರವಾಡದಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದೆ. ಗ್ರೈಂಡರ್ ಕಂಪನಿಯೊಂದರಲ್ಲಿ ಆರು ತಿಂಗಳ ಪ್ರೊಬೇಷನ್. ಕನ್ನಡ ಎಂ.ಎ. ಎಂಬ ಜಂಭ ಬೇರೆ. ಎಂಜಿನಿಯರುಗಳು ಕೊಟ್ಟ ಹಾಳೆಯನ್ನು ಶುದ್ಧ ಭಾಷೆಗೆ ತಿರುಗಿಸಿ, ಅಲ್ಪವಿರಾಮಗಳನ್ನು ಒಪ್ಪವಾಗಿ ಕೂರಿಸಿದರೆ ಕೆಲಸ ಮುಗಿಯಿತೆಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಮೇಲಧಿಕಾರಿ ವಿಶಾಲಾಕ್ಷಿ ಮೇಡಂ ಎಲ್ಲೋ ತರಬೇತಿ ಪಡೆದು ಹೊಸ ಪದ್ಧತಿ ತಂದರು.

"ನೀವು ಬರೆದಿದ್ದನ್ನ ಮನೇಲಿ ಯಾರಿಗಾದ್ರೂ ಕೊಡಿ. ಅದರಲ್ಲಿರೋದಷ್ಟೇ ಮಾಡ್ಲಿ. ಪಕ್ಕದಲ್ಲಿ ಕೂತು ನೋಡಿ, ಬಾಯಿ ಮಾತ್ರ ಬಿಡಬೇಡಿ. ಸೋಮವಾರ ರಿಪೋರ್ಟ್ ನೋಡಿ ಕನ್ಫರ್ಮ್ ಮಾಡೋಣ."

ಕನ್ಫರ್ಮ್ ಆಗದಿದ್ದರೆ ಧಾರವಾಡದ ಬಸ್ಸೇ ಗತಿ. ಭಾನುವಾರ ಕಂಪನಿಯ ಗ್ರೈಂಡರನ್ನು ಆಟೋದಲ್ಲಿ ತಂದು ಮನೆ ಓನರ್ ಸರೋಜಮ್ಮ ಆಂಟಿಯ ಮುಂದಿಟ್ಟೆ. ಯಡಿಯೂರಿನಲ್ಲಿ ಹುಟ್ಟಿ ಬೆಳೆದ ಅವರು ಅಲ್ಲಿಯವರೆಗೂ ಒರಳಲ್ಲೇ ರುಬ್ಬಿದವರು.

"ಆಂಟಿ, ಬರದಷ್ಟ ಮಾಡ್ರಿ. ನಾ ಏನೂ ಹೇಳಂಗಿಲ್ಲ."

ಆಂಟಿ ಒಂದೊಂದು ಸಾಲಿಗೂ ಬೆರಳಿಟ್ಟು ಓದಿ ಅಕ್ಕಿ, ಉದ್ದು, ನೀರು ಹಾಕಿದರು. ಸ್ವಿಚ್ ಒತ್ತಿದರು. ಹಿಟ್ಟು ಬೆಣ್ಣೆಯಂತಾಯಿತು. ನಾನು ಮನಸ್ಸಿನಲ್ಲೇ ಕನ್ಫರ್ಮ್ ಆದೆ. ಆಂಟಿ ಮಾತ್ರ ಕೈಕಟ್ಟಿ ಕೂತೇಬಿಟ್ಟರು. ಹತ್ತು ನಿಮಿಷವಾಯಿತು. ಮೋಟಾರು ಸುಟ್ಟ ವಾಸನೆ ಹೊಡೆಯತೊಡಗಿತು.

"ಹಿಟ್ಟು ಹೊರತೆಗೆಯಿರಿ ಅಂತ ಬರ್ದಿದೀಯ. ಕಲ್ಲು ತಿರುಗುವಾಗ ಕೈ ಹಾಕಕೂಡದು ಅಂತಾನೂ ಬರ್ದಿದೀಯ. ನಿಲ್ಸೋದು ಯಾವ ಪುಟದಲ್ಲಿದೆಯಮ್ಮ?"

ಯಾವ ಪುಟದಲ್ಲೂ ಇರಲಿಲ್ಲ. ನಾನು ಬಾಯಿ ಬಿಡುವಂತಿಲ್ಲ, ಬರೆದಷ್ಟೇ ಮಾಡುವ ಮಾತಿಗೆ ಕಟ್ಟುಬಿದ್ದ ಅವರು ಸ್ವಿಚ್ ಮುಟ್ಟುವಂತಿಲ್ಲ. ಕೊನೆಗೆ ಕರೆಂಟು ಹೋಗಿ ಇಬ್ಬರ ಮಾನವನ್ನೂ ಉಳಿಸಿತು.

ಮುಚ್ಚಿಟ್ಟುಬಿಡೋಣ ಎಂದು ರಾತ್ರಿಯಿಡೀ ಅನಿಸಿತು. ಬೆಳಿಗ್ಗೆ ನಾಚಿಕೆ ನುಂಗಿಕೊಂಡು ಆಂಟಿಯ ಪ್ರಶ್ನೆಯನ್ನೇ ರಿಪೋರ್ಟಿನ ಮೊದಲ ಸಾಲಾಗಿ ಬರೆದೆ. ಮೇಡಂ ಓದಿ, ಎಂಜಿನಿಯರುಗಳ ಹಾಳೆ ತರಿಸಿ ನೋಡಿದರು. "ಎಂಜಿನಿಯರ್ ಹಾಳೇಲೂ ಇರ್ಲಿಲ್ಲ ಕಣ್ರೀ. ನಾನೂ ಎರಡು ಸಲ ಓದಿ ಸೈನ್ ಹಾಕಿದ್ದೆ." ಕೆಲಸ ಉಳಿಯಿತು. ಅಲ್ಪವಿರಾಮದ ಜಂಭ ಹೋಯಿತು.

ಈಗ ಅಡುಗೆಮನೆಯಿಂದ ಗರಗರ ಸದ್ದು. ಮಗಳ ವಿಡಿಯೋ ಮುಗಿದಿತ್ತು. ಗ್ರೈಂಡರಿನ ಮೈಮೇಲೆ ಗುಂಡಿಗಳೇ ಇಲ್ಲ, ಬರೀ ನುಣುಪು ಗಾಜು. "ಅಮ್ಮಾ, ಇದನ್ನ ನಿಲ್ಸೋದು ಹೇಗೆ?"

ಕೈಪಿಡಿ ತೆರೆದೆ. ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ನಿಲ್ಲಿಸುವ ವಿಧಾನ. ಯಾರೋ ಪುಣ್ಯಾತ್ಮರು ಯಾವುದೋ ಆಂಟಿಯ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ಪುಟವನ್ನು ಮಗಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡೆ.