ಹಗಲಲ್ಲಿ ಹೇಳಿಸಿದ ಕತೆ

ಆ ಭಾನುವಾರ ಮಧ್ಯಾಹ್ನ ದೋಹಾದ ನಮ್ಮ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾಲ್ವರಿದ್ದೆವು. ಗಾಜಿನ ಆಚೆ ಬದಿಯಲ್ಲಿ, ಹೆಡ್‌ಫೋನನ್ನು ಕುತ್ತಿಗೆಗೆ ನೇತುಹಾಕಿಕೊಂಡ ಸೌಂಡ್ ಎಂಜಿನಿಯರ್ ಬಸವರಾಜ, ಬಾಗಲಕೋಟೆ ಕಡೆಯವನು. ಈಚೆಗೆ ನಾನು, ಬೋಟ್ಸ್‌ವಾನಾದಿಂದ ಬಂದು ಇಲ್ಲಿ ನರ್ಸ್ ಆಗಿದ್ದ ಲೊರಾಟೊ, ಮತ್ತು ಮಗಳನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದಿದ್ದ ಅವಳ ತಾಯಿ. ಅವರ ಕಡೆ ತಾಯಿಯನ್ನು ಮಗುವಿನ ಹೆಸರಿನಿಂದ ಕರೆಯುತ್ತಾರಂತೆ. ಹಾಗಾಗಿ ಎಪ್ಪತ್ತು ದಾಟಿದ ಆ ಹಿರಿಯರು ನಮಗೂ ‘ಮ್ಮಾ ಲೊರಾಟೊ’, ಅಂದರೆ ಲೊರಾಟೊಳ ಅಮ್ಮ.

ಇದು ಮೂರು ವರ್ಷದ ಹಿಂದಿನ ಜೂನ್ ತಿಂಗಳ ಮಾತು. ನಾನಾಗ ಒಂದು ಭಾಷಾ ತಂತ್ರಜ್ಞಾನ ಕಂಪನಿಯಲ್ಲಿ ಧ್ವನಿ ಸಂಗ್ರಹದ ಮೇಲ್ವಿಚಾರಕ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಕಂಪ್ಯೂಟರಿಗೆ ಪಾಠ ಒದಗಿಸುವುದು ನಮ್ಮ ಕೆಲಸ. ಪಾಠವೆಂದರೆ ಗಂಟೆಗಟ್ಟಲೆ ರೆಕಾರ್ಡಿಂಗ್, ಜೊತೆಗೆ ಅದರ ಬರಹರೂಪ. ಆ ಸಲ ಕೈಗೆ ಬಂದದ್ದು ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕಾದ ಸೆಟ್ಸ್ವಾನಾ ಭಾಷೆ. ಅದರಲ್ಲಿ ನಾಮಪದಗಳೆಲ್ಲ ಗುಂಪು ಗುಂಪು. ಗುಂಪಿನ ಗುರುತು ಕ್ರಿಯಾಪದದ ಮುಂದೆಯೂ ಬಂದು ನಿಲ್ಲಬೇಕು. ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತದೆ, ಆದರೆ ಆ ಏರಿಳಿತವನ್ನು ಬರೆಯುವ ರೂಢಿಯಿಲ್ಲ. ಎರಡು ವರ್ಷ ಅದರ ಜೊತೆ ಹೆಣಗಿ ನಾನೂ ನಾಲ್ಕು ವಾಕ್ಯ ಕಲಿತಿದ್ದೆ.

ನಮ್ಮ ತೊಂದರೆ ಬೇರೆಯೇ ಇತ್ತು. ಸಿಕ್ಕಿದ್ದ ರೆಕಾರ್ಡಿಂಗ್‌ಗಳೆಲ್ಲ ಯುವಕರು ಕಾಗದ ನೋಡಿ ಓದಿದವು. ಅಂಥ ಓದು ಕಂಪ್ಯೂಟರಿಗೆ ಚೆನ್ನಾಗಿ ತಿಳಿಯುತ್ತಿತ್ತು. ವಯಸ್ಸಾದ ಹೆಂಗಸೊಬ್ಬಳು ತನ್ನ ಪಾಡಿಗೆ ಮಾತಾಡಿದರೆ ಮಾತ್ರ ಸಾಲಿಗೆರಡು ಮಾತು ಕೈಬಿಟ್ಟು ಮುಂದೆ ಹೋಗುತ್ತಿತ್ತು. ತಾಯಿಗೆ ರಾಶಿ ಕತೆಗಳು ಗೊತ್ತು ಎಂದು, ಬರಹರೂಪ ತಿದ್ದಿಕೊಡಲು ಬಿಡುವಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಲೊರಾಟೊ ಹೇಳಿದಾಗ ದಾರಿ ಸಿಕ್ಕಿತು ಅನ್ನಿಸಿತು. ಅವರ ವಾಪಸ್ ವಿಮಾನ ಆ ಗುರುವಾರವೇ ಇತ್ತು.

ಮೈಕ್ ಸರಿಮಾಡಿ, “ಒಂದು ಕತೆ ಹೇಳಿ, ಮ್ಮಾ” ಎಂದು ಇಂಗ್ಲಿಷಿನಲ್ಲಿ ಕೇಳಿದೆ, ಲೊರಾಟೊ ಅದನ್ನು ಸೆಟ್ಸ್ವಾನಾಕ್ಕೆ ತಂದಳು. ಅವರು ಮಗಳ ಕಡೆ ತಿರುಗಿ ಏನೋ ಹೇಳಿ ನಕ್ಕರು.

“ಹಗಲಲ್ಲಿ ಕತೆ ಹೇಳಿದರೆ ಹಣೆಯ ಮೇಲೆ ಕೊಂಬು ಮೂಡುತ್ತದಂತೆ” ಎಂದಳು ಲೊರಾಟೊ. “ನಗುತ್ತಾಳೆ, ಆದರೆ ಹೇಳುವುದಿಲ್ಲ. ನಾವು ಚಿಕ್ಕವರಿದ್ದಾಗಲೂ ಹಗಲಲ್ಲಿ ಒಮ್ಮೆಯೂ ಹೇಳಿದವಳಲ್ಲ.”

ಇದು ನನಗೆ ಹೊಸತಾಗಿರಲಿಲ್ಲ. ನನಗೆ ಕನ್ನಡ ಬಂದದ್ದು ಶಾಲೆಗಿಂತ ಮೊದಲು ಅಜ್ಜಿಯಿಂದ. ಮನೆಮಾತು ತುಳು, ಕತೆಗೆ ಮಾತ್ರ ಕನ್ನಡ. ಆಕೆಯೂ ದೀಪ ಹಚ್ಚುವ ಮೊದಲು ಬಾಯಿ ಬಿಡುತ್ತಿರಲಿಲ್ಲ. ಹಗಲು ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎನ್ನುತ್ತಿದ್ದಳು. ನನಗಿದ್ದವನು ಒಬ್ಬನೇ ಮಾವ, ಅವನೂ ಬಸ್ ಡ್ರೈವರ್. ಹಾಗಾಗಿ ನಾನು ಹೆಚ್ಚು ಪೀಡಿಸುತ್ತಿರಲಿಲ್ಲ.

ಕತ್ತಲಾದ ಮೇಲೆ ರೆಕಾರ್ಡ್ ಮಾಡೋಣವೆಂದರೆ ಕಟ್ಟಡ ನಾಲ್ಕು ಗಂಟೆಗೆ ಬಂದ್.

“ಸೆಕ್ಯೂರಿಟಿ ಆಫೀಸ್‌ದಾಗ ಕೇಳೀನ್ರೀ ಸರ” ಎಂದ ಬಸವರಾಜ. “ಬುಕ್ರಾ, ಬುಕ್ರಾ ಅಂತಾರ. ಅವರ ನಾಳೆ ಬರೂದ್ರಾಗ ಅಜ್ಜಿ ಊರು ಮುಟ್ಟಿರ್ತಾಳ.”

ಸೋಮವಾರ ಸಂಜೆ ಸಾಮಾನು ಹೊತ್ತುಕೊಂಡು ಮುಐದರ್‌ನಲ್ಲಿದ್ದ ಲೊರಾಟೊಳ ಮನೆಗೆ ಹೋದೆವು. ಒಂದು ವಿಲ್ಲಾವನ್ನು ಐದು ಮನೆ ಮಾಡಿ ಬಾಡಿಗೆಗೆ ಕೊಟ್ಟ ಜಾಗ. ಗೋಡೆಯಾಚೆ ಮಿಕ್ಸರ್, ಮೇಲೆ ಮಕ್ಕಳ ಓಟ. ಬಸವರಾಜ ಕಿವಿಗಿಟ್ಟ ಹೆಡ್‌ಫೋನ್ ತೆಗೆದು ಕೈಚೆಲ್ಲಿದ. “ಎಸಿ ಹಚ್ಚಿದ್ರ ಬೋರ್‌ವೆಲ್ ಕೊರದಂಗ ಕೇಳ್ತದ. ಬಂದ್ ಮಾಡಿದ್ರ ಕತಿಗಿಂತ ಮೊದಲು ನಾವ ಬೇಯ್ತೀವ್ರೀ.” ನಮ್ಮಿಂದ ರೆಕಾರ್ಡಿಂಗ್ ಕೊಳ್ಳುವವರ ಷರತ್ತಿನ ಪ್ರಕಾರ ಹಿನ್ನೆಲೆ ಸದ್ದು ಇರುವಂತಿರಲಿಲ್ಲ. ಚಹಾ ಕುಡಿದು ಎದ್ದು ಬಂದೆವು.

ಮಂಗಳವಾರ ಅವರು ಮತ್ತೆ ಸ್ಟುಡಿಯೋಗೆ ಬಂದರು. ಕತೆ ಬೇಡ, ಹಗಲಲ್ಲಿ ಹೇಳಬಹುದಾದ ಮಾತು ಹೇಳಲಿ ಎಂದು ತೀರ್ಮಾನಿಸಿದ್ದೆವು. ದನಗಳ ಮೈಬಣ್ಣಗಳ ಬಗ್ಗೆ ಕೇಳಿದೆ. ಜೋಳದ ಗಂಜಿಯ ಬಗ್ಗೆ ಕೇಳಿದೆ. ಮ್ಮಾ ಲೊರಾಟೊ ಜನಗಣತಿಯವನಿಗೆ ಉತ್ತರ ಕೊಟ್ಟಂತೆ ಒಂದೊಂದೇ ಮಾತಿನಲ್ಲಿ ಮುಗಿಸಿದರು. ಹನ್ನೆರಡಕ್ಕೆ ಊಟ ಮಾಡಿ, ಮಗಳ ಶಾಲು ಹೊದ್ದು ಸೋಫಾದ ಮೇಲೆ ಮಲಗಿದರು. ಗಾಢ ನಿದ್ದೆ. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ಕೂತರೆ ನಿಲ್ಲಬೇಕು, ನಿಂತರೆ ಗಡಿಯಾರ ನೋಡಬೇಕು. ಉಳಿದದ್ದು ಬುಧವಾರ ಒಂದು ದಿನ. ಅಂದು ಅವರಿಗೆ ಪೆಟ್ಟಿಗೆ ಕಟ್ಟುವ ಕೆಲಸ.

ಅವರಿಗೆ ಎಚ್ಚರವಾದಾಗ ಒಂದೂವರೆ. ನಮ್ಮ ಸ್ಟುಡಿಯೋಗೆ ಕಿಟಕಿಯಿಲ್ಲ. ಗೋಡೆ ತುಂಬ ಕಪ್ಪು ಫೋಮ್, ಒಂದು ಮಂದ ದೀಪ. ಎದ್ದು ಕೂತವರು ಮುಖ ಒರೆಸಿಕೊಂಡು ಹೊತ್ತೆಷ್ಟಾಯಿತು ಎಂದು ಕೇಳಿದರು. ಅಷ್ಟು ನನಗೂ ಅರ್ಥವಾಯಿತು. ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ಬಂದುಬಿಟ್ಟಿತು: “ಲೆತ್ಸಾತ್ಸಿ ಲೆ ಫಿರಿಮಿಲೆ, ಮ್ಮಾ.” ಸೂರ್ಯ ಮುಳುಗಿದ.

ಅವರ ಭಾಷೆಯಲ್ಲಿ ಅವರಿಗೆ ನಾನು ಹೇಳಿದ ಮೊದಲ ಇಡೀ ವಾಕ್ಯ ಅದು. ಮುಖ ಅರಳಿತು. “ನೋಡು, ನನ್ನ ಮಗ ಎಷ್ಟು ಚೆನ್ನಾಗಿ ಮಾತಾಡುತ್ತಾನೆ” ಎಂದು ಮಗಳಿಗೆ ಹೇಳಿದರು. ಲೊರಾಟೊ ನನ್ನನ್ನೇ ನೋಡುತ್ತಿದ್ದಳು. ತಿದ್ದಲಿಲ್ಲ. ನಾನು ಗಾಜಿನ ಕಡೆ ಬೆರಳೆತ್ತಿದೆ. ಬಸವರಾಜ ಕೆಂಪು ದೀಪ ಹಾಕಿದ.

ಎರಡು ಗಂಟೆ ಹೇಳಿದರು. ಮೊಲ ಕತ್ತೆಕಿರುಬನನ್ನು ಮರಕ್ಕೆ ಕಟ್ಟಿದ್ದು, ಮಾತಾಡುವ ತಲೆಬುರುಡೆ, ನೀರಿನೊಳಗಿನ ಹಾವನ್ನು ಮದುವೆಯಾದ ಹುಡುಗಿ. ಕೂಗಿದರು, ಪಿಸುಗುಟ್ಟಿದರು, ನಡುವೆ ಹಾಡಿದರು. ಅರ್ಧಕ್ಕರ್ಧ ಅರ್ಥವಾಗದಿದ್ದರೂ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಲೊರಾಟೊ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ಜೀವಂತ ಸೆಟ್ಸ್ವಾನಾ ನಮ್ಮ ಸರ್ವರಿನಲ್ಲಿ ಅದುವರೆಗೆ ಇರಲಿಲ್ಲ.

ಆಮೇಲೆ ಬಾಗಿಲು ತೆರೆಯಬೇಕಾಯಿತು. ಅದರ ಬಗ್ಗೆ ನಾನು ಏನು ಯೋಚಿಸಿದ್ದೆನೋ ಈಗಲೂ ತಿಳಿಯದು. ಕಾರಿಡಾರ್ ದಾಟಿದರೆ ಗಾಜಿನ ಲಾಬಿ. ಜೂನ್ ತಿಂಗಳ ಬಿಸಿಲು ಕಣ್ಣಿಗೆ ಬಡಿಯುವಂತೆ ಸುರಿದಿತ್ತು. ಮ್ಮಾ ಲೊರಾಟೊ ನಿಂತುಬಿಟ್ಟರು. ಹೊರಗೆ ನೋಡಿದರು. ನನ್ನನ್ನು ನೋಡಿದರು. ನಿಧಾನವಾಗಿ ಮೂರು ಮಾತಾಡಿದರು. ಲೊರಾಟೊ ತಲೆತಗ್ಗಿಸಿಕೊಂಡೇ ಇಂಗ್ಲಿಷಿಗೆ ತಂದಳು.

“ಅಮ್ಮ ಹೇಳುತ್ತಾಳೆ, ಕೊಂಬು ತನಗೆ ಬರುವುದಿಲ್ಲವಂತೆ. ಹೇಳಿದವಳಿಗೆ ಕತ್ತಲೇ ಆಗಿತ್ತಂತೆ. ನೀವು ಹಣೆ ಮುಟ್ಟಿಕೊಂಡು ನೋಡಬೇಕಂತೆ.”

ಬಸವರಾಜನಿಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಕಾರಿನ ಹತ್ತಿರ ಹೋದ ಮೇಲೆ ಇನ್ನೊಂದು ಮಾತು ಬಂತು: “ಅದನ್ನೆಲ್ಲ ಅಳಿಸಲಿ.”

ರೆಕಾರ್ಡಿಂಗ್ ತಲುಪಿಸುವ ಮೊದಲು ಮಾತಾಡಿದವರು ಅದನ್ನು ಹಿಂತೆಗೆದುಕೊಳ್ಳಬಹುದು ಎಂಬ ಷರತ್ತು ನಮ್ಮ ಒಪ್ಪಿಗೆ ಪತ್ರದಲ್ಲಿತ್ತು. ಆ ಸಾಲು ಬರೆದವನು ನಾನೇ. ಬುಧವಾರ ಬೆಳಿಗ್ಗೆ ಮ್ಯಾನೇಜರ್ ಪತ್ರ ಮುಂದಿಟ್ಟು, “ಸಹಿ ಇದೆಯಲ್ಲ, ಖಲಾಸ್. ಆಕೆ ಬರೆದು ಕೊಟ್ಟಿಲ್ಲ, ಬಾಯಿಮಾತು” ಎಂದರು. ನಾನು ಏನು ಸುಳ್ಳು ಹೇಳಿದೆನೆಂದು ವಿವರಿಸಿದೆ. ಅವರು ಪತ್ರವನ್ನು ಹಿಂದಕ್ಕೆ ಎಳೆದುಕೊಂಡು, “ಹಾಗಾದರೆ ಅದನ್ನು ನೀವು ಬರೆದು ಕೊಡಿ” ಎಂದರು. ಬರೆದು ಕೊಟ್ಟೆ.

ಬಸವರಾಜ ಸರ್ವರ್, ಬ್ಯಾಕಪ್, ಕಾರ್ಡ್, ಮೂರೂ ಕಡೆ ಹುಡುಕಿ ತೆಗೆದ. ಕೊನೆಯದಕ್ಕೆ ಬಂದಾಗ ಕೈ ತಡೆದ. “ಸರ, ಒಂದು ಕಾಪಿ ನನ್ನ ಹಂತ್ಯಾಕ ಇಟ್ಕೋತೀನ್ರೀ. ಕಂಪ್ಯೂಟರಿಗೆ ಹಾಕೂದಿಲ್ಲ. ಸುಮ್ನ ಇರ್ಲಿ. ಯಾರಿಗ್ ಗೊತ್ತಾಗ್ತದ?”

“ಮಾರಾಯ, ನನಗೆ ಗೊತ್ತಾಗ್ತದಲ್ಲ” ಎಂದೆ. “ತೆಗೆ.”

“ಪಾಪ ಅನಸ್ತದ್ರೀ” ಎಂದು ತೆಗೆದ.

ಅಂದು ಸಂಜೆ ಮುಐದರ್‌ಗೆ ಹೋಗಿ, ಅಳಿಸಿದೆವು ಎಂದೆ, ಕ್ಷಮೆ ಕೇಳಿದೆ. ಪೆಟ್ಟಿಗೆಯ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದ ಮ್ಮಾ ಲೊರಾಟೊ, ಈ ಕಡೆ ಬಂದು ಒತ್ತು ಎಂದು ಸನ್ನೆ ಮಾಡಿದರು. ಇಬ್ಬರೂ ಸೇರಿ ಪೆಟ್ಟಿಗೆ ಮುಚ್ಚಿದೆವು. “ಮುಂದಿನ ಚಳಿಗಾಲಕ್ಕೆ ನನ್ನ ಮನೆಗೆ ಬಾ. ಕತ್ತಲು ನಾನೇ ತೋರಿಸುತ್ತೇನೆ, ಆಮೇಲೆ ಹೇಳುತ್ತೇನೆ” ಎಂದರು. ಅವರ ಊರಿನ ಚಳಿಗಾಲವೆಂದರೆ ಜೂನ್, ಜುಲೈ; ಮುಂದಿನದಕ್ಕೆ ಇನ್ನೂ ಒಂದು ವರ್ಷವಿತ್ತು. ಹೋಗಬೇಕೆಂದು ನಿಜವಾಗಿ ಅಂದುಕೊಂಡಿದ್ದೆ. ರಜೆಯ ಅರ್ಜಿಯನ್ನೂ ಬರೆದಿದ್ದೆ. ಅಷ್ಟರಲ್ಲಿ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು, ಅರ್ಜಿ ಅಲ್ಲೇ ಉಳಿಯಿತು.

ಮಾತು ಸಂಗ್ರಹಿಸುವವನು ಮೊದಲು ಕೇಳಬೇಕಾದದ್ದು, ಆ ಮಾತಿಗೆ ಅದರದೇ ಹೊತ್ತು ಯಾವುದು ಎಂದು. ನಮ್ಮ ಕಟ್ಟಡದ ಹೊತ್ತು, ವಿಮಾನದ ಹೊತ್ತು ಅದಕ್ಕೆ ಸಂಬಂಧಿಸಿದ್ದಲ್ಲ. ಇದು ಅಜ್ಜಿ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದ ವಿಷಯ. ಕೆಲಸ ಅದನ್ನು ಎರಡನೇ ಸಲ ಕಲಿಸಿತು. ಆದರೂ ಅಂದು ಬಸವರಾಜನಿಗೆ ‘ತೆಗೆ’ ಎಂದದ್ದು ಸರಿಯೋ ಅಲ್ಲವೋ ಎಂದು ಈಗಲೂ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಮರುವರ್ಷ ಏಪ್ರಿಲಿನಲ್ಲಿ, ಅಲ್ ವಕ್ರಾದ ನನ್ನ ಮನೆಯಲ್ಲಿ ಬೆಳಗಿನ ತಿಂಡಿ ತಿನ್ನುತ್ತಿದ್ದಾಗ ಲೊರಾಟೊಳ ಫೋನ್ ಬಂತು. ಅಮ್ಮನಿಗೆ ಸ್ಟ್ರೋಕ್ ಆಗಿ ಮೂರು ವಾರವಾಯಿತು ಎಂದಳು. ಬಲಗೈ ಸ್ವಲ್ಪ ಆಡುತ್ತದೆ, ಜನರ ಗುರುತು ಸಿಗುತ್ತದೆ, ಮಾತು ಮಾತ್ರ ಹೋಗಿದೆ, ತಿರುಗಿ ಬರುವ ಹಾಗೆ ಕಾಣುವುದಿಲ್ಲ ಎಂದಳು. ಆಮೇಲೆ ಕೇಳಿದಳು:

“ಸರ್, ಎಲ್ಲಾದರೂ ಒಂದು ಕಾಪಿ ಉಳಿದಿದೆಯಾ?”

“ಇಲ್ಲಮ್ಮ” ಎಂದೆ.

ಅವಳು ಡ್ಯೂಟಿಗೆ ಹೊತ್ತಾಯಿತು ಎಂದಳು.