ಎದುರು ದಡದ ಬಾವಿ

ನಮ್ಮ ತೋಟ ಗುಬ್ಬಿ ತಾಲ್ಲೂಕಿನಲ್ಲಿ, ಶಿಂಷಾ ನದಿಯ ದಡದಲ್ಲಿದೆ. ಎದುರು ದಡದ ತೋಟ ಅಕ್ಕನದು. ಮಗಳು ಕಣ್ಣೆದುರಿಗೇ ಇರಲಿ ಎಂದು ಅಪ್ಪ ಅವಳನ್ನು ಅಲ್ಲಿಗೆ ಕೊಟ್ಟಿದ್ದರು. ಅಪ್ಪ ಹೋದ ಮೇಲೆ ಅಕ್ಕ ಪಾಲು ಕೇಳಲಿಲ್ಲ. ಗೌರಿ ಹಬ್ಬಕ್ಕೊಂದು ಬಾಗಿನ ತಂದುಕೊಡು ಸಾಕು ಎಂದು ನಗುತ್ತಲೇ ಸಹಿ ಹಾಕಿಕೊಟ್ಟಳು. ನಾನು ತುಮಕೂರಿನಲ್ಲಿ ಕೆಲಸದಲ್ಲಿರುವವನು, ಭಾನುವಾರದ ರೈತ. ಆದರೆ ಜಮೀನಿನ ಆಸೆಯಲ್ಲಿ ವಾರವಿಡೀ ಉಳುವವರನ್ನೂ ಮೀರಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನದಿ ನಮ್ಮ ದಡವನ್ನು ಕೊರೆಯತೊಡಗಿತು. ತಿರುವಿನ ಹೊರಮಗ್ಗುಲು ನಮ್ಮದು, ನೀರು ಬಂದು ಗುದ್ದುವುದೇ ಅಲ್ಲಿಗೆ. ತೆಂಗಿನ ಮರಗಳು ಬೇರು ಸಮೇತ ನೀರಿಗೆ ಬಾಗಿದವು. ಆಫೀಸಿನಿಂದ ಆಫೀಸಿಗೆ ಚಪ್ಪಲಿ ಸವೆಸಿ ಕೊನೆಗೂ ಕೆಲಸ ಮಂಜೂರು ಮಾಡಿಸಿದೆ. ತಂತಿ ಬಲೆಯೊಳಗೆ ಕಲ್ಲು ತುಂಬಿ, ದಡದಿಂದ ನದಿಯೊಳಕ್ಕೆ ಓರೆಯಾಗಿ ಚಾಚಿದ ಮೂರು ಕಟ್ಟೆಗಳು ಎದ್ದವು. ಕಲ್ಲು ತರಲು ಗಾಡಿ ಸಿಗದೆ ಕೆಲಸ ನಿಂತಾಗ, ತಮ್ಮ ಟ್ರ್ಯಾಕ್ಟರಿನಲ್ಲಿ ಸಾಗಿಸಿಕೊಟ್ಟವರು ಅಕ್ಕನ ಗಂಡ, ನಮ್ಮ ಭಾವ. ಹೆಂಡತಿಯ ತವರಿನ ನೆಲ ಉಳಿಯಲೆಂದು ಡೀಸೆಲಿನ ಕಾಸನ್ನೂ ಅವರು ಮುಟ್ಟಲಿಲ್ಲ.

ಕಟ್ಟೆಗಳು ಹೇಳಿದ ಕೆಲಸ ಮಾಡಿದವು. ನೀರು ಅವಕ್ಕೆ ಬಡಿದು ನಡುವಿಗೆ ಸರಿಯಿತು. ಕಟ್ಟೆಗಳ ಸಂದಿಯಲ್ಲಿ ನೀರಿನ ಓಟ ನಿಧಾನವಾಗಿ, ಮೇಲಿನಿಂದ ಹೊತ್ತು ತಂದ ಮೆಕ್ಕಲು ಅಲ್ಲೇ ಕೂತು, ನಮಗೆ ಹೊಸ ನೆಲವೇ ಹುಟ್ಟಿತು. ಬಂದವರಿಗೆಲ್ಲ ಕರೆದು ತೋರಿಸಿದೆ, ತೆಂಗಿನ ಸಸಿ ನೆಟ್ಟೆ. ಅಷ್ಟಗಲದ ನದಿ ಕಿರಿದಾದರೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಯೋಚಿಸಿದ್ದರೂ ನೆಡುತ್ತಿದ್ದೆನೇನೋ.

ಇಕ್ಕಟ್ಟಿನಲ್ಲಿ ನೀರಿಗೆ ರಭಸ ಜಾಸ್ತಿ. ಅದು ನಡುವಿನ ಮರಳನ್ನು ಕಿತ್ತು ತಳವನ್ನು ಆಳ ಮಾಡಿತು, ಆಮೇಲೆ ಎದುರು ದಡದ ಬುಡಕ್ಕೆ ಕೈ ಹಾಕಿತು. ಬುಡ ಟೊಳ್ಳಾದ ದಡ ಹೋಳುಹೋಳಾಗಿ ಕುಸಿಯುತ್ತ ಈಗ ಅಕ್ಕನ ಬಾವಿಯ ಹತ್ತಿರಕ್ಕೆ ಬಂದಿದೆ. ನದಿಯ ತಳ ಇಳಿದಂತೆ ಬಾವಿಯ ನೀರೂ ಇಳಿಯಿತು. ಭಾವ ಪಂಪಿನ ಪೈಪಿಗೆ ಮತ್ತೆ ಮತ್ತೆ ತುಂಡು ಸೇರಿಸುತ್ತಾರೆ. ಅವರ ತೋಟಕ್ಕೆಲ್ಲ ಇರುವುದು ಅದೊಂದೇ ಬಾವಿ.

ಮೊದಲೆಲ್ಲ ಬೇಸಿಗೆಯಲ್ಲಿ ಅಕ್ಕ ಸೀರೆಯ ನೆರಿಗೆ ಎತ್ತಿಕಟ್ಟಿ, ಮೊಣಕಾಲುದ್ದದ ನೀರು ದಾಟಿ, ನನಗೆ ಮಜ್ಜಿಗೆ ತಂದುಕೊಡುತ್ತಿದ್ದಳು. ಈಗ ಅಲ್ಲಿ ಮಡು ಬಿದ್ದಿದೆ, ದಾಟುವಂತಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ನನಗೆ ಅನುಕೂಲವೇ ಆಯಿತು. ಅವಳು ಆ ದಡದಲ್ಲಿ ಕಂಡರೆ ನಾನು ಮೋಟಾರು ಮನೆಯ ಹಿಂದಕ್ಕೆ ಸರಿಯುತ್ತೇನೆ.

ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ತೋರಿಸಿದೆ. ಇಲ್ಲಿ ಕೂತಿರುವುದು ಮೇಲಿನಿಂದ ಬಂದ ಮಣ್ಣು, ಎದುರಿನವರದಲ್ಲ ಎಂದರು. ಕೋರ್ಟಿನಲ್ಲಿ ಗೆದ್ದಷ್ಟು ಸಮಾಧಾನವಾಯಿತು. ಅವರು ಅಷ್ಟಕ್ಕೇ ನಿಲ್ಲಿಸಬಾರದಿತ್ತೆ! ಕಟ್ಟೆಗಳು ಬೇಕಾದ್ದಕ್ಕಿಂತ ಉದ್ದವಿವೆ, ಮೊಟಕು ಮಾಡಿದರೆ ಆಚೆ ದಡಕ್ಕೆ ಬೀಳುವ ಹೊಡೆತ ಕಮ್ಮಿಯಾಗುತ್ತದೆ, ನಿಮ್ಮ ಹಳೆಯ ತೋಟಕ್ಕೆ ಏನೂ ಆಗುವುದಿಲ್ಲ, ಹೊಸ ನೆಲ ಮಾತ್ರ ಹೋಗಬಹುದು ಎಂದರು. ನಾನೇ ಕೇಳಿಕೊಂಡರೆ ಇಲಾಖೆಯವರು ಮಾಡಿಕೊಡುತ್ತಾರಂತೆ. ನೋಡೋಣ ಅಂದೆ. ಮುಂಗಾರು ಶುರುವಾಯಿತು, ಇನ್ನೂ ನೋಡುತ್ತಲೇ ಇದ್ದೆ.

ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಹೊರಟಾಗ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ಗೂಳೂರು ದಾಟುವ ಹೊತ್ತಿಗೆ ಮಾತು ಬಾಯಿಪಾಠವಾಗಿತ್ತು: ಕಟ್ಟೆ ಮೊಟಕು ಮಾಡಿಸ್ತೀನಿ ಅಕ್ಕ, ನೀನು ಚಿಂತೆ ಮಾಡಬೇಡ. ಸೇತುವೆ ದಾಟುವ ಮೊದಲು ನಮ್ಮ ತೋಟದ ಹತ್ತಿರ ಗಾಡಿ ನಿಲ್ಲಿಸಿ ಇಳಿದೆ. ಸಸಿಗಳು ಹೊಸ ಗರಿ ಬಿಟ್ಟಿದ್ದವು. ಇಳಿಯಬಾರದಿತ್ತು.

ಅಕ್ಕ ಬಾಗಿನದ ಮೊರವನ್ನು ಕಣ್ಣಿಗೊತ್ತಿಕೊಂಡು, ತವರು ತಣ್ಣಗಿರಲಿ ಎಂದು ನನ್ನ ತಲೆಗೆ ಅಕ್ಷತೆ ಹಾಕಿದಳು. ಹಬ್ಬದ ದಿನವೂ ಭಾವ ಬಾವಿಯ ಹತ್ತಿರ ಮರಳು ಚೀಲ ಜೋಡಿಸಲು ಹೋಗಿದ್ದರು. ನೀರಿನ ಸದ್ದು ಜಗಲಿಗೇ ಕೇಳುತ್ತಿತ್ತು. ನಾನು ಮಕ್ಕಳ ಓದು, ತುಮಕೂರಿನಲ್ಲಿ ರಸ್ತೆ ಅಗೆದಿರುವುದು, ಏನೇನೋ ಮಾತಾಡಿದೆ. ಅಕ್ಕನೇ ತಡೆದಳು.

"ಆ ಕಟ್ಟೆ ಒಸಿ ಕಮ್ಮಿ ಮಾಡ್ಸೋಕಾಗ್ತದೇನೋ? ನಿನ್ ಸಸಿ ಹೋಗ್ತವೆ, ಗೊತ್ತು. ನಂದು ಬಾವಿ ಕಣೋ."

ಬಾಗಿನ ಬಿಟ್ಟು ತವರಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಹೂಂ ಅಂದಿದ್ದರೆ ಸಾಕಿತ್ತು. ಬಾಯಿಪಾಠ ಮಾಡಿಕೊಂಡು ಬಂದದ್ದೂ ಅದನ್ನೇ.

"ಎಂಜಿನಿಯರ್‌ನ ಒಂದ್ಮಾತು ಕೇಳಿ ಹೇಳ್ತೀನಕ್ಕ," ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಸೊಂಟದ ಮೇಲೆ ಹೊತ್ತು ನನ್ನನ್ನು ಬೆಳೆಸಿದವಳು. ಸುಳ್ಳು ಹೇಳುವಾಗ ನನ್ನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತು.

"ಆಗ್ಲೇ ಕೇಳಿದೀಯ ಬುಡು," ಎಂದಳು.

ಆಮೇಲೆ ಒಳಗೆ ಹೋಗಿ ಎಲೆ ಹಾಕಿ ಕರೆದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಒಬ್ಬಟ್ಟಿಗೆ ತುಪ್ಪ ಹಾಕುತ್ತ, ಇನ್ನೊಂದು ಬಡಿಸಲೇ ಎಂದು ಕೇಳಿದಳು. ಅದಕ್ಕೆ ಮಾತ್ರ ನಾನು ತಕ್ಷಣ ಹೂಂ ಅಂದೆ.